‘ನಮ್ಮೂರಲ್ಲಿ ಏನೂ ಇಲ್ಲ’ ಎನ್ನುವ ಮೊದಲು



ಹಳೇಬೀಡು–ಬೇಲೂರು ಸೀಮೆಯ ಒಂದು ಹಳ್ಳಿ. ಹೆಸರು ಬೇಡ. ಊರ ಹೊರಗೆ, ಹಿಂದೆ ಆಲೂಗೆಡ್ಡೆ ಬೆಳೆಯುತ್ತಿದ್ದ ಮೂರೆಕರೆ ಹೊಲದಲ್ಲಿ, ಈಗ ಹೋಟೆಲೊಂದು ಎದ್ದಿದೆ. ಅದು ಕಾಫಿ-ತಿಂಡಿಯ ಹೋಟೆಲಲ್ಲ. ಪೇಟೆಯವರು ಹೆಂಡತಿ ಮಕ್ಕಳೊಡನೆ ಬಂದು ಎರಡು ದಿನ ತಂಗಿ ಹೋಗುವ ಹಳ್ಳಿ ಹೋಟೆಲು. ಹೆಂಚಿನ ಮಾಡು, ಕಂಬದ ಜಗಲಿ, ಅಂಗಳದಲ್ಲೊಂದು ಎತ್ತಿನ ಗಾಡಿ. ಗಾಡಿಗೆ ಎತ್ತಿಲ್ಲ, ನೋಡುವುದಕ್ಕೆಂದು ಇಟ್ಟದ್ದು.

ಕಳೆದ ಸುಗ್ಗಿಯಲ್ಲಿ ಒಂದು ದಿನ ಬೆಳಿಗ್ಗೆ ಆ ಹೋಟೆಲಿನಲ್ಲಿ ತಂಗಿದ್ದ ವಯಸ್ಸಾದ ದಂಪತಿಗಳು ನಡೆದುಕೊಂಡು ಕೆರೆ ಏರಿಯ ಕಡೆಗೆ ಬಂದರು. ದನ ಹೊಡೆದುಕೊಂಡು ಬಂದಿದ್ದ ಹುಡುಗನೊಬ್ಬ ಅಲ್ಲಿ ನಿಂತಿದ್ದ. “ಇಲ್ಲಿ ನೋಡುವಂಥದ್ದು ಏನಿದೆಯಪ್ಪಾ?” ಎಂದು ಆ ಹಿರಿಯರು ಕೇಳಿದರು. ಹುಡುಗ ತಡಮಾಡಲಿಲ್ಲ. “ಇಲ್ಲೇನೂ ಇಲ್ಲ ಸಾರ್, ಹಳೇಬೀಡಿಗೆ ಹೋಗಿ” ಎಂದ. ಹಾಗೆ ಹೇಳುವಾಗ ಅವನು ಒರಗಿ ನಿಂತಿದ್ದದ್ದು ಒಂದು ವೀರಗಲ್ಲಿಗೆ.

ಹುಡುಗನನ್ನು ಬಯ್ಯುವಂತಿಲ್ಲ. ಅವನ ಅಪ್ಪನೂ ಹಾಗೇ ಹೇಳುತ್ತಿದ್ದ, ನಾನೂ ನೀವೂ ಹಾಗೇ ಹೇಳುತ್ತೇವೆ. ಈ ಮಾತಿನಿಂದ ನಮಗೆ ಆಗುತ್ತಿರುವ ನಷ್ಟ ಎಷ್ಟು, ಅದನ್ನು ತಡೆಯಲು ನಮ್ಮ ಕೈಯಲ್ಲಿ ಏನಿದೆ ಎಂಬುದನ್ನು ಈ ವಾರ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಹೋಟೆಲಿನವರು ಮಾರುವುದೇನು?

ಮೊದಲು ಒಂದು ಲೆಕ್ಕ ನೋಡೋಣ. ಪೇಟೆಯಿಂದ ಬಂದವರು ಕೋಣೆಗೆಂದು ಬಾಡಿಗೆ ಕೊಡುತ್ತಾರೆ. ಬರೀ ಮಂಚ, ಹಾಸಿಗೆ, ಬಿಸಿನೀರು ಬೇಕಾಗಿದ್ದರೆ ಅದು ಹಾಸನದಲ್ಲಿಯೂ ಸಿಗುತ್ತಿತ್ತು. ಅವರು ಇಷ್ಟು ದೂರ ಬರುವುದು ಬೆಳಗಿನ ಮಂಜಿಗೆ, ಕೆರೆಯ ಏರಿಗೆ, ತೆನೆಗಟ್ಟಿದ ರಾಗಿ ಹೊಲಕ್ಕೆ, ಎರಡು ಹೆಜ್ಜೆ ನಡೆದರೆ ಕಾಣುವ ಹಳೆಯ ಗುಡಿಗೆ. ಹೋಟೆಲಿನವರು ಕೋಣೆಯ ಜೊತೆಗೆ ಇವನ್ನೆಲ್ಲ ಸೇರಿಸಿಯೇ ಬೆಲೆ ಹೇಳುತ್ತಾರೆ. ಇವುಗಳಲ್ಲಿ ಒಂದೂ ಅವರ ಪಹಣಿಯಲ್ಲಿಲ್ಲ!

ಹೊಲ ನಿಮ್ಮದು, ಕೆರೆ ಊರಿನದು, ಗುಡಿ ಹಿರಿಯರದು. ಹೀಗಿದ್ದರೂ ಆ ವ್ಯಾಪಾರದಲ್ಲಿ ಊರಿಗೆ ಬರುವ ಪಾಲು ಯಾವುದು? ನಾಲ್ಕು ಹೆಣ್ಣುಮಕ್ಕಳಿಗೆ ಕಸಮುಸುರೆಯ ಕೆಲಸ, ಇಬ್ಬರು ಹುಡುಗರಿಗೆ ರಾತ್ರಿ ಕಾವಲು. ಹಾಲು ಪ್ಯಾಕೆಟ್ಟಿನಲ್ಲಿ ಪೇಟೆಯಿಂದಲೇ ಬರುತ್ತದೆ, ಹೂಕೋಸು ಹಾಸನದ ಮಾರುಕಟ್ಟೆಯಿಂದ ಬರುತ್ತದೆ. ಹೋಟೆಲಿನವರನ್ನು ದೂರುವುದಕ್ಕೆ ಈ ಮಾತಲ್ಲ. ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಕೇಳಬೇಕಾದರೆ ನಮ್ಮ ಹತ್ತಿರ ಏನಿದೆ ಎಂಬುದು ಮೊದಲು ನಮಗೆ ಗೊತ್ತಿರಬೇಕು.

ಎರಡು ಗುಡಿ ನೋಡಿ ಹೊರಟರು

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿ ಅದಾದ ಕೆಲವೇ ವರ್ಷಗಳಲ್ಲಿ ಮೊದಲಾಯಿತು. ಸೋಮನಾಥಪುರದ ಕೇಶವ ದೇವಾಲಯ 1258ರದು. ಒಂಬೈನೂರು ವರ್ಷ ಮಳೆ ಬಿಸಿಲು ತಾಳಿದ ಕಲ್ಲುಗಳಿಗೆ ಈ ಗೌರವ ಬಂದದ್ದು ಸಂತೋಷದ ವಿಷಯ.

ಆದರೆ ಬರುವವರ ರೀತಿಯನ್ನು ಗಮನಿಸಿದ್ದೀರಾ? ಬೆಳಗಿನ ಜಾವ ಬೆಂಗಳೂರು ಬಿಟ್ಟವರು ಹತ್ತು ಗಂಟೆಗೆ ಹಳೇಬೀಡು. ಒಂದು ಗಂಟೆ ಗುಡಿ ಸುತ್ತಿ, ಫೋಟೋ ತೆಗೆದು, ಎಳನೀರು ಕುಡಿದು ಹದಿನಾರು ಕಿಲೋಮೀಟರು ದೂರದ ಬೇಲೂರಿಗೆ. ಅಲ್ಲಿ ಒಂದು ಗಂಟೆ. ಊಟ ಮಾಡಿ ಚಿಕ್ಕಮಗಳೂರಿನ ಬೆಟ್ಟದ ಕಡೆಗೋ, ವಾಪಸು ಬೆಂಗಳೂರಿಗೋ ಹೊರಟುಬಿಡುತ್ತಾರೆ. ಹಳ್ಳಿಗಳ ಮೇಲೆ ಬೀಳುವುದು ಅವರ ಕಾರಿನ ಧೂಳು ಮಾತ್ರ.

ಇದೇ ದಾರಿಯ ಎಡಬಲದಲ್ಲಿ ಅವರು ಬಿಟ್ಟುಹೋಗುವುದು ಏನೇನು ಎಂಬುದನ್ನು ಎಣಿಸಿ ನೋಡಿ.

ಹಳೇಬೀಡಿನಲ್ಲೇ, ಹೊಯ್ಸಳೇಶ್ವರನಿಂದ ಕಾಲ್ನಡಿಗೆಯ ದೂರದಲ್ಲಿ, ಬಸ್ತಿಹಳ್ಳಿಯ ಮೂರು ಜೈನ ಬಸದಿಗಳಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ. ಅದರ ಕಂಬಗಳ ನುಣುಪು ಎಷ್ಟೆಂದರೆ ಎದುರು ನಿಂತವರ ಮುಖ ಕಾಣುತ್ತದೆ. ಅಲ್ಲೇ ಮುಂದೆ ಕೇದಾರೇಶ್ವರ. ಗುಡಿಗೆ ಬಂದ ಹತ್ತು ಜನರಲ್ಲಿ ಅಲ್ಲಿಯವರೆಗೆ ನಡೆಯುವವರು ಎಷ್ಟು ಮಂದಿ ಎಂಬುದು ಆ ಊರಿನವರಿಗೇ ಗೊತ್ತು.

ಒಂದು ಹರದಾರಿಯೊಳಗೆ ಹುಲಿಕೆರೆ. ಅಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯೊಂದಿದೆ. ನಾಲ್ಕೂ ಕಡೆಯಿಂದ ಇಳಿಯುವ ಮೆಟ್ಟಿಲು, ಸುತ್ತ ಬಾಳೆಕಾಯಿ ಗೊನೆಯ ಸಾಲಿನಂತೆ ಒಪ್ಪವಾಗಿ ಕೂತ ಪುಟ್ಟ ಪುಟ್ಟ ಗುಡಿಗಳು. ನೀರನ್ನು ಇಷ್ಟು ಗೌರವದಿಂದ ಕಂಡ ಜನ ನಮ್ಮ ನೆಲದಲ್ಲೇ ಇದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ದಿಕ್ಕಿಗೆ, ಚಿಕ್ಕಮಗಳೂರು ಜಿಲ್ಲೆಯೊಳಗೆ ಕಾಲಿಟ್ಟ ಕೂಡಲೇ ಬೆಳವಾಡಿ. ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ ಮೂವರೂ ಒಂದೇ ದೇವಾಲಯದಲ್ಲಿ. ಬಕಾಸುರ ಇದ್ದ ಏಕಚಕ್ರನಗರ ಇದೇ ಎಂದು ಊರವರು ಹೇಳುತ್ತಾರೆ. ಹಾಸನದಿಂದ ಬೇಲೂರಿಗೆ ಬರುವ ರಸ್ತೆಯಿಂದ ಒಳಕ್ಕೆ ಹೊರಳಿದರೆ ದೊಡ್ಡಗದ್ದವಳ್ಳಿ. ಕೆರೆಯ ಮಗ್ಗುಲಲ್ಲೇ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯ. ಅದು ಬೇಲೂರಿಗಿಂತ ಹಳೆಯದು. ಕಟ್ಟಿಸಿದ್ದು ರಾಜನಲ್ಲ, ಒಬ್ಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಸುಮಾರು ಕ್ರಿ.ಶ. 450ರ ಅಲ್ಲಿನ ಶಾಸನ ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲಿ ಒಂದು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಆ ಶಾಸನದಲ್ಲಿರುವುದೇನು? ಯುದ್ಧದಲ್ಲಿ ಪರಾಕ್ರಮ ತೋರಿಸಿದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ಕೊಟ್ಟ ಸುದ್ದಿ. ಅಂದರೆ, ನಮ್ಮ ಭಾಷೆಯ ಅಷ್ಟು ಹಳೆಯ ಬರಹವೂ ನೆಲದ ವಿಷಯವನ್ನೇ ಹೇಳುತ್ತದೆ. ಒಂದು ರೀತಿಯಲ್ಲಿ ಅದೂ ಒಂದು ಪಹಣಿ.

ಇವೆಲ್ಲ ಹೆಸರಾದ ಜಾಗಗಳಾದವು. ಹೆಸರಾಗದ ಜಾಗಗಳ ಪಟ್ಟಿ ಇನ್ನೂ ಉದ್ದ. ಹಾಸನ ಜಿಲ್ಲೆಯಲ್ಲಿ ಕಲ್ಲಿನ ಗುಡಿ, ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನ ಇವುಗಳಲ್ಲಿ ಒಂದೂ ಇಲ್ಲದ ಹೋಬಳಿಯನ್ನು ಹುಡುಕಿದರೂ ಸಿಗದು.

ಕಲ್ಲು ಹೇಳುವುದು ನಮ್ಮದೇ ಕಥೆ

“ರಾಜಮಹಾರಾಜರ ಕಥೆ ಕಟ್ಟಿಕೊಂಡು ನಮಗೇನಾಗಬೇಕು?” ಎಂದು ಕೇಳುವವರಿದ್ದಾರೆ. ಇದು ಸರಿಯಾದ ಪ್ರಶ್ನೆಯೇ. ಆದರೆ ಹೊಲದ ಬದುವಿನ ಕಲ್ಲುಗಳಲ್ಲಿ ಹೆಚ್ಚಿನವು ರಾಜರ ಕಥೆ ಹೇಳುವುದಿಲ್ಲ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾದಾಟ, ಎಷ್ಟೋ ಕಡೆ ಪಕ್ಕದಲ್ಲಿ ದನಗಳ ಸಾಲು. ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನ ಅಂಕಣದಲ್ಲಿ ಅವನು ದೇವರ ಎದುರು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ದನ ಇದ್ದರೆ ಅದು ತುರುಗೋಳು: ಪರವೂರಿನವರು ನುಗ್ಗಿ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನ ಕಲ್ಲು. ಅವನು ನಿಮ್ಮ ನಮ್ಮ ಹಾಗೆ ಹಟ್ಟಿ ಕೊಟ್ಟಿಗೆ ಇದ್ದವನು. ಅವನ ಮನೆಯವರ ಜೀವನಕ್ಕೆಂದು ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು.

ಕೆರೆ ಕಟ್ಟಿಸಿದವನಿಗೆ ಬಿಟ್ಟ ಭೂಮಿ ಕಟ್ಟುಕೊಡಗೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಕೆರೆಯ ದುರಸ್ತಿಗೆಂದೇ ತೆಗೆದಿಟ್ಟ ಪಾಲು ಬಿತ್ತುವಟ್ಟ. ಸರ್ಕಾರದ ಅನುದಾನಕ್ಕೆ ಕಾಯದೆ ಹೂಳೆತ್ತುವ ವ್ಯವಸ್ಥೆಯನ್ನು ಆ ಕಾಲದ ಊರುಗಳು ಹೇಗೆ ಮಾಡಿಕೊಂಡಿದ್ದವು ಎಂಬುದು ಇಂಥ ಕಲ್ಲುಗಳಲ್ಲಿ ಬರೆದಿದೆ. ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರ ಎಂಬುದೇ ಅಲ್ಲಿನ ಕೆರೆಯಿಂದ ಬಂದದ್ದು. ಕೆರೆ ಮೊದಲು, ರಾಜಧಾನಿ ಆಮೇಲೆ.

ನಿಮ್ಮ ಊರಿನ ಕಲ್ಲಿನಲ್ಲಿ ಏನು ಬರೆದಿದೆ ಎಂದು ತಿಳಿಯಲು ದಾರಿ ಇದೆ. ಬಿ. ಎಲ್. ರೈಸ್ ಎಂಬ ಅಧಿಕಾರಿ ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಯ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಅವುಗಳನ್ನು ಪರಿಷ್ಕರಿಸಿ ಮತ್ತೆ ಹೊರತಂದಿತು. ತಾಲ್ಲೂಕು, ಹಳ್ಳಿ, ಶಾಸನದ ಸಂಖ್ಯೆ, ಕಲ್ಲು ಇದ್ದ ಜಾಗ, ಅದರ ಪಾಠ ಎಲ್ಲ ಕನ್ನಡ ಅಕ್ಷರದಲ್ಲಿಯೇ ಇದೆ. ಕಾಲೇಜಿನ ಗ್ರಂಥಾಲಯಕ್ಕೆ ಹೋಗುವ ಊರ ಹುಡುಗನಿಗೆ ಹೇಳಿ, ನಿಮ್ಮೂರಿನ ಪುಟವನ್ನು ನಕಲು ಮಾಡಿಸಿ ತಂದು ಈ ವಾಚನಾಲಯದ ಗೋಡೆಗೆ ಅಂಟಿಸಿ. ಮುಂದಿನ ಮಾತೆಲ್ಲ ಅಲ್ಲಿಂದ ತಾನಾಗಿ ಹುಟ್ಟುತ್ತದೆ.

ನನ್ನಿಂದ ಆದ ತಪ್ಪು

ಬುದ್ಧಿ ಹೇಳುವವನು ತನ್ನ ಲೆಕ್ಕವನ್ನೂ ಒಪ್ಪಿಸಬೇಕು. ನಮ್ಮ ಕೆರೆ ಕೆಳಗಿನ ಹೊಲದ ಮೂಲೆಯಲ್ಲಿ ಎದೆಯೆತ್ತರದ ಒಂದು ಕಲ್ಲಿತ್ತು. ಯುಗಾದಿಯ ದಿನ ನಮ್ಮ ಅಜ್ಜಿ ಅದಕ್ಕೆ ನೀರು ಹಾಕಿ, ಕುಂಕುಮ ಇಟ್ಟು ಬರುತ್ತಿದ್ದಳು. ಯಾಕೆಂದು ಕೇಳಿದರೆ “ಅವನು ನಮ್ಮ ದನ ಕಾದವನು” ಎನ್ನುತ್ತಿದ್ದಳು. ಅಜ್ಜಿಯ ಮಾತೆಂದು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟೆ. ಗುತ್ತಿಗೆ ಹಿಡಿದವರು ಜೆಸಿಬಿ ತಂದು ಬದು ಒಡೆದು ನೆಲ ಮಟ್ಟ ಮಾಡಿದರು. ಸಂಜೆ ನಾನು ಹೋಗಿ ನೋಡಿದಾಗ ಕಲ್ಲು ಇರಲಿಲ್ಲ. ಕೇಳಿದರೆ, ತುಂಡಾಯಿತು, ಹಳ್ಳದ ಕೊರಕಲಿಗೆ ತುಂಬಿದೆವು ಎಂದರು. ನಾನು ಮಾತಾಡಲಿಲ್ಲ. ಮುಂಗಡ ಹಣ ಜೇಬಿನಲ್ಲಿತ್ತು.

ಶುಂಠಿಯ ಹಣ ಯಾವಾಗಲೋ ಕರಗಿತು. ಆ ಹೊಲದ ಮಣ್ಣು ಸುಧಾರಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಇತ್ತೀಚೆಗೆ ಮಗಳು ಗ್ರಂಥಾಲಯದಿಂದ ನಮ್ಮೂರಿನ ಶಾಸನದ ಪುಟದ ನಕಲು ತಂದಳು. ಊರ ಹೆಸರಿತ್ತು. ಕೆರೆಯ ಕೆಳಗಿನ ಹೊಲದ ಕಲ್ಲು ಎಂದಿತ್ತು. ದನ ಬಿಡಿಸಿ ಸತ್ತವನ ಹೆಸರೂ ಇತ್ತು. ಎಂಟುನೂರು ವರ್ಷ ನಿಂತಿದ್ದ ಕಲ್ಲು ನನ್ನ ಕಾಲದಲ್ಲಿ ಬಿತ್ತು. ಈಗ ಅದು ಪುಸ್ತಕದಲ್ಲಿ ಮಾತ್ರ ಉಂಟು. ಅಜ್ಜಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಇದನ್ನು ಬರೆಯಲು ನನಗೆ ನಾಚಿಕೆಯಿದೆ. ಓದಿದ ನಿಮ್ಮಲ್ಲಿ ಒಬ್ಬರಾದರೂ ನಾಳೆ ಜೆಸಿಬಿಯವನಿಗೆ “ಆ ಮೂಲೆ ಬಿಡಪ್ಪಾ” ಎಂದು ಹೇಳಿದರೆ ಬರೆದದ್ದು ಸಾರ್ಥಕ.

ಜಮೀನು ಹೋಗುತ್ತದೆಂಬ ಹೆದರಿಕೆ

ಹೊಲದಲ್ಲಿ ಹಳೆಯ ಕಲ್ಲಿದೆ ಎಂದು ಹೇಳಲು ರೈತರು ಹಿಂಜರಿಯುವುದಕ್ಕೆ ಕಾರಣವೂ ಉಂಟು. “ಇಲಾಖೆಯವರು ಬಂದರೆ ಜಮೀನು ಹೋಯಿತು” ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಈ ವಿಷಯದಲ್ಲಿ ಕಾಯಿದೆ ಏನು ಹೇಳುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

1958ರ ಕೇಂದ್ರ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ, ಕೇಂದ್ರ ಸರ್ಕಾರವು ರಕ್ಷಿತ ಸ್ಮಾರಕ ಎಂದು ಘೋಷಿಸಿದ ಜಾಗದ ಗಡಿಯಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬೇಕು. ಇದ್ದ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಈ ನಿಯಮ ಬಂದಿರುವುದು ಕಟ್ಟಡಕ್ಕೆ. ಉತ್ತು ಬಿತ್ತಿ ಬೆಳೆಯುವುದಕ್ಕೆ ಅಲ್ಲ. ಘೋಷಣೆಯಾಗದ ವೀರಗಲ್ಲೊಂದು ನಿಮ್ಮ ಬದುವಿನಲ್ಲಿ ಇದ್ದ ಮಾತ್ರಕ್ಕೆ ಈ ನೂರು ಮೀಟರಿನ ನಿಯಮ ಬಂದು ಕೂರುವುದಿಲ್ಲ.

ಹೆದರಿಕೆ ಪೂರ್ತಿ ಹುಸಿ ಎಂದು ನಾನು ಹೇಳುವುದಿಲ್ಲ. ದೊಡ್ಡ ಗುಡಿಯ ಮಗ್ಗುಲಲ್ಲೇ ತಲೆಮಾರಿನಿಂದ ಮನೆ ಮಾಡಿಕೊಂಡವನು, ಮಗನಿಗೆ ಮದುವೆಯಾಯಿತೆಂದು ಒಂದು ಕೋಣೆ ಹೆಚ್ಚಿಗೆ ಹಾಕಲು ಹೋದರೆ ಕಾಗದಪತ್ರ ಹಿಡಿದು ಅಲೆಯಬೇಕಾಗುತ್ತದೆ. ಅವನ ತಾಳ್ಮೆಯ ಮೇಲೆ ದೇಶದ ಹೆಮ್ಮೆಯನ್ನು ನಿಲ್ಲಿಸುವುದು ನ್ಯಾಯವಲ್ಲ. ದುರಸ್ತಿಯ ಅನುಮತಿ ತಾಲ್ಲೂಕು ಮಟ್ಟದಲ್ಲೇ, ಗೊತ್ತಾದ ದಿನದೊಳಗೆ ಸಿಗುವಂತಾಗಬೇಕು. ಮನೆ ಬೆಳೆಸಲೇಬೇಕಾದವರಿಗೆ ಊರ ಹತ್ತಿರವೇ ನಿವೇಶನ ಕೊಡಬೇಕು. ವಿಶ್ವ ಪರಂಪರೆಯ ಫಲಕ ನೆಟ್ಟ ಸರ್ಕಾರಕ್ಕೆ ಇಷ್ಟು ಹೊಣೆ ಇದ್ದೇ ಇದೆ.

ನೆಲ ಅಗೆಯುವಾಗ ವಿಗ್ರಹವೋ ನಾಣ್ಯವೋ ಸಿಕ್ಕರೆ ಬಚ್ಚಿಡಬೇಡಿ, ತಹಶೀಲ್ದಾರರಿಗೆ ತಿಳಿಸಿ. ಹಳೆಯ ವಿಗ್ರಹ ಕೊಳ್ಳುತ್ತೇನೆಂದು ಬರುವ ದಲ್ಲಾಳಿಗೆ ಬಾಗಿಲು ತೆರೆಯಬೇಡಿ. ಲೈಸೆನ್ಸ್ ಇಲ್ಲದೆ ಪ್ರಾಚ್ಯವಸ್ತುಗಳ ವ್ಯಾಪಾರ ಮಾಡುವುದು 1972ರ ಕಾಯಿದೆಯಂತೆ ಅಪರಾಧ. ನಿಧಿಯಾಸೆಗೆ ಬಸವನ ಕೆಳಗೆ, ಲಿಂಗದ ಕೆಳಗೆ ಗುಂಡಿ ತೋಡುವವರ ಹಾವಳಿಯಂತೂ ಹೇಳತೀರದು. ದೊಡ್ಡಗದ್ದವಳ್ಳಿಯ ಕಾಳಿಯ ವಿಗ್ರಹ ಒಡೆದುಹೋದದ್ದು 2020ರ ನವೆಂಬರಿನಲ್ಲಿ. ರಕ್ಷಿತ ಸ್ಮಾರಕದ ಗತಿಯೇ ಹೀಗಾದರೆ ಬಯಲಿನ ಕಲ್ಲಿಗೆ ಊರವರ ಕಣ್ಣಲ್ಲದೆ ಬೇರೆ ಕಾವಲಿಲ್ಲ.

ಮಾರುವುದು ಸುಲಭ, ಮರಳಿ ಕೊಳ್ಳುವುದು ಅಸಾಧ್ಯ

ಇನ್ನು ಜಮೀನಿನ ಮಾತು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ಬಂದು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆಯಿತು. ಗುಡಿ, ಕೆರೆ, ಬೆಟ್ಟ ಕಾಣುವ ಹೊಲಗಳ ಮೇಲೆ ಮೊದಲು ಕಣ್ಣು ಬೀಳುವುದು ಸಹಜ. ಸಾಲ ಇದ್ದವನಿಗೆ, ಮಗಳ ಮದುವೆ ಇದ್ದವನಿಗೆ, ಎರಡು ವರ್ಷ ಆಲೂಗೆಡ್ಡೆಗೆ ಅಂಗಮಾರಿ ಬಿದ್ದವನಿಗೆ ಆ ಹಣ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಆದರೂ ಒಂದು ಮಾತು ಹೇಳುತ್ತೇನೆ. ನಿಮ್ಮ ಹೊಲಕ್ಕೆ ಹೆಚ್ಚಿನ ಬೆಲೆ ಬರುತ್ತಿರುವುದು ಮಣ್ಣಿನ ಗುಣದಿಂದಲ್ಲ, ಪಕ್ಕದ ನೋಟದಿಂದ. ಆ ನೋಟದ ಬೆಲೆ ವರ್ಷ ವರ್ಷ ಏರುತ್ತದೆ. ಮಾರಿದವನಿಗೆ ಅದು ಒಂದೇ ಸಲ ಸಿಗುತ್ತದೆ, ಇಟ್ಟುಕೊಂಡವನಿಗೆ ಪ್ರತಿ ವರ್ಷ ಸಿಗಬಹುದು. ಮಾರಲೇಬೇಕೆಂಬ ಒತ್ತಡ ಇಲ್ಲದಿದ್ದರೆ ಮಾರಬೇಡಿ. ಹೋಟೆಲಿನವರಿಗೆ ಜಾಗ ಬೇಕಿದ್ದರೆ ವಕೀಲರನ್ನು ಕೇಳಿ ಬಾಡಿಗೆ ಕರಾರಿನ ಮೇಲೆ ಕೊಡುವ ದಾರಿಯನ್ನು ಯೋಚಿಸಿ. ಮನೆಯಲ್ಲೇ ಎರಡು ಕೋಣೆ ಮಿಗುವಂತಿದ್ದರೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ ಹೋಂಸ್ಟೇ ನಡೆಸಬಹುದು.

ಆತುರಪಟ್ಟು ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಹಂಪಿಯ ಕಡೆ ನೋಡಿ. 1986ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಅದು. ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಿದರು. ಹೊಳೆಯಾಚೆಯ ವಿರೂಪಾಪುರಗಡ್ಡೆಯಲ್ಲಿ ಎದ್ದಿದ್ದ ರೆಸಾರ್ಟುಗಳನ್ನು, ಸುಪ್ರೀಂ ಕೋರ್ಟಿನ ತೀರ್ಪಿನ ನಂತರ, 2020ರಲ್ಲಿ ನೆಲಸಮ ಮಾಡಿದರು. ಹಾಕಿದ ಬಂಡವಾಳ ಮಣ್ಣುಪಾಲಾಯಿತು. ಆದುದರಿಂದ ಸ್ಮಾರಕದ ಹತ್ತಿರ ಒಂದು ಗೂಡಂಗಡಿ ಹಾಕುವುದಕ್ಕೂ ಮೊದಲು ಗಡಿ ಎಷ್ಟು ದೂರ, ಭೂಪರಿವರ್ತನೆ ಆಗಿದೆಯೇ, ಪಂಚಾಯಿತಿ ಏನು ಹೇಳುತ್ತದೆ ಎಂಬುದನ್ನು ಕೇಳಿ ತಿಳಿಯಿರಿ. ಬೀಜ ಬಿತ್ತುವ ಮೊದಲು ಹದ ನೋಡುವುದಿಲ್ಲವೇ? ಇದೂ ಹಾಗೆಯೇ.

ಊರು ಮಾಡಬೇಕಾದದ್ದು

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಯೋಜನೆ, ದೊಡ್ಡ ಹಣ ಬೇಡ. ಹೀಗೆ ಮೊದಲು ಮಾಡಬಹುದು.

ಒಂದು: ಊರಿನ ಪಟ್ಟಿ. ಹಿರಿಯರು ಒಬ್ಬರು, ಶಾಲೆಯ ಮೇಷ್ಟರು ಒಬ್ಬರು, ನಾಲ್ಕು ಹುಡುಗರು ಸೇರಿ ಊರ ಎಲ್ಲೆಯೊಳಗಿನ ಗುಡಿ, ಕಲ್ಲು, ಕಲ್ಯಾಣಿ, ಹಳೆಯ ತೂಬು, ದೊಡ್ಡ ಮರ ಎಲ್ಲವನ್ನೂ ಸರ್ವೆ ನಂಬರಿನ ಸಮೇತ ಬರೆದಿಡಿ. ಫೋಟೋ ತೆಗೆದಿಡಿ. ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ಸೇರಿಸಿ. ಕಲ್ಲು ಕಾಣೆಯಾದ ದಿನ ಈ ಕಾಗದ ಬೇಕಾಗುತ್ತದೆ.

ಎರಡು: ಇದ್ದಲ್ಲೇ ಇರಲಿ. ಕಲ್ಲನ್ನು ಕಿತ್ತು ಗುಡಿಯ ಮುಂದೆ ತಂದು ಸಿಮೆಂಟಿನಲ್ಲಿ ನಿಲ್ಲಿಸುವುದು ಬೇಡ. ಬಣ್ಣ ಬಳಿಯುವುದು ಬೇಡ. ಎಣ್ಣೆ ಬಣ್ಣದ ಅಡಿಯಲ್ಲಿ ಅಕ್ಷರ ಮುಚ್ಚಿಹೋಗುತ್ತದೆ. ಬುಡದಲ್ಲಿ ನೀರು ನಿಲ್ಲದಂತೆ ಸಣ್ಣ ಕಾಲುವೆ, ಸುತ್ತ ಲಂಟಾನ ಕಡಿದು ನಾಲ್ಕಡಿ ಜಾಗ ಹಸನು ಮಾಡಿದರೆ ಸಾಕು. ಗುಡಿಯ ಮೇಲೆ ಬೆಳೆದ ಅರಳಿ, ಆಲದ ಗಿಡವನ್ನು ಕೀಳಲು ಹೋದರೆ ಕಲ್ಲೇ ಕಿತ್ತು ಬರುತ್ತದೆ. ಅದನ್ನು ಇಲಾಖೆಯವರಿಗೆ ತಿಳಿಸಿ.

ಮೂರು: ಹೇಳುವವರು ಬೇಕು. ಊರಿನ ಇಬ್ಬರು ಹುಡುಗಿಯರೋ ಹುಡುಗರೋ ಈ ಕಥೆಗಳನ್ನು ಸರಿಯಾಗಿ ಕಲಿತು, ಬಂದವರನ್ನು ಒಂದು ಗಂಟೆ ನಡೆಸಿಕೊಂಡು ಹೋಗಿ ತೋರಿಸಲಿ. ಅದಕ್ಕೆ ಊರೇ ಒಂದು ದರ ಗೊತ್ತುಮಾಡಲಿ. ಗೊತ್ತಿಲ್ಲದ್ದನ್ನು ಹೇಳದಿರುವುದನ್ನೂ ಅವರಿಗೆ ಕಲಿಸಬೇಕು.

ನಾಲ್ಕು: ಹೋಟೆಲಿನವರೊಡನೆ ಮಾತು. ಅವರಿಗೆ ಹಾಲು, ಸೊಪ್ಪು, ರಾಗಿ, ತೆಂಗಿನಕಾಯಿ, ಬಾಳೆ ಊರಿನಿಂದಲೇ ಹೋಗಲಿ. ಬಂದವರಿಗೆ ವಾರದಲ್ಲಿ ಎರಡು ದಿನ ಸ್ತ್ರೀಶಕ್ತಿ ಸಂಘದ ಕೈಯಡುಗೆ ಆಗಲಿ. ಅಕ್ಕಿರೊಟ್ಟಿ, ಅವರೆಕಾಳು ಸಾರು, ಕಡುಬಿನ ರುಚಿಗೆ ಪೇಟೆಯವರು ಸೋಲದಿರುವುದಿಲ್ಲ. ಪ್ರತಿಯಾಗಿ ಊರೂ ಮಾತಿಗೆ ನಿಲ್ಲಬೇಕು. ಹೇಳಿದ ದಿನ ಹೇಳಿದಷ್ಟು ಹಾಲು ಹೋಗದಿದ್ದರೆ ಅವರು ಮತ್ತೆ ಪ್ಯಾಕೆಟ್ಟಿಗೇ ಹೋಗುತ್ತಾರೆ. ಹೋಟೆಲಿನ ಬಚ್ಚಲ ನೀರು ಕೆರೆಗೆ ಬರಕೂಡದು, ಅವರ ಕೊಳವೆಬಾವಿಯಿಂದ ನೆರೆಯವರ ಬಾವಿ ಬತ್ತಕೂಡದು ಎಂಬುದನ್ನು ಪಂಚಾಯಿತಿ ಮೊದಲೇ ಬರೆಸಿಕೊಳ್ಳಬೇಕು.

ಐದು: ಪಂಚಾಯಿತಿಯ ಪಾಲು. ಹೋಟೆಲಿನ ಕಟ್ಟಡಕ್ಕೆ ಬರುವ ತೆರಿಗೆಯಲ್ಲಿ ಒಂದು ಅಂಶವನ್ನು ಕೆರೆಗೂ ಕಲ್ಲಿಗೂ ತೆಗೆದಿಡಲು ಗ್ರಾಮಸಭೆ ಒತ್ತಾಯಿಸಬೇಕು. ಹಿಂದಿನವರ ಬಿತ್ತುವಟ್ಟ ಇದೇ ಅಲ್ಲವೇ? ಹೊಸದೇನೂ ಅಲ್ಲ, ಮರೆತದ್ದು ಅಷ್ಟೆ.

ಬೇಸಾಯ ಬಿಡಬೇಡಿ

ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪ್ರವಾಸಿಗಳನ್ನು ನಂಬಿ ಬೇಸಾಯ ಬಿಟ್ಟವನು ಕೆಡುತ್ತಾನೆ. 2020ರಲ್ಲಿ ಕೊರೋನಾ ಬಂದು ಗುಡಿಗಳ ಬಾಗಿಲು ಹಾಕಿದಾಗ ಆ ದಾರಿಯ ಹೋಟೆಲುಗಳಲ್ಲಿ ಒಲೆ ಉರಿಯಲಿಲ್ಲ. ರಾಗಿ ಬೆಳೆದವನ ಮನೆಯಲ್ಲಿ ಮುದ್ದೆ ಇತ್ತು. ಮಳೆಗಾಲದಲ್ಲಿ, ಪರೀಕ್ಷೆಯ ಕಾಲದಲ್ಲಿ ಬರುವವರು ಕಡಿಮೆ. ಇದು ಎಮ್ಮೆ ಕಟ್ಟಿದ ಹಾಗೆ, ಕೋಳಿ ಸಾಕಿದ ಹಾಗೆ ಒಂದು ಉಪಕಸುಬು, ಮುಖ್ಯ ಕಸುಬಲ್ಲ. ಅಲ್ಲದೆ ಬೇಸಾಯ ನಿಂತರೆ ಬರುವವರೂ ನಿಲ್ಲುತ್ತಾರೆ. ಅವರು ನೋಡಲು ಬರುವ ಹಸಿರು ನೀವು ಉತ್ತದ್ದರಿಂದ ಬಂದದ್ದು. ಎತ್ತಿಲ್ಲದ ಗಾಡಿಯನ್ನು ಎಷ್ಟು ದಿನ ನೋಡುತ್ತಾರೆ?

“ಹೊರಗಿನವರು ಬಂದರೆ ಊರು ಕೆಡುತ್ತದೆ” ಎನ್ನುವ ಹಿರಿಯರ ಮಾತನ್ನೂ ತಳ್ಳಿಹಾಕುವಂತಿಲ್ಲ. ಕೆರೆ ಏರಿಯ ಮೇಲೆ ಒಡೆದ ಬಾಟಲಿ ಬಿದ್ದಿರುವುದನ್ನು ಬರಿಗಾಲಿನಲ್ಲಿ ನಡೆಯುವ ನಾವೇ ಕಂಡಿದ್ದೇವೆ. ಆದರೆ ಬರುವವರು ಹೇಗಿದ್ದರೂ ಬರುತ್ತಾರೆ, ಹೋಟೆಲು ಎದ್ದಾಗಿದೆ. ಊರಿಗೆ ತನ್ನ ಜಾಗದ ಮೇಲೆ ಅಭಿಮಾನ ಇದೆಯೆಂದು ಕಂಡರೆ ಬಂದವರೂ ತಗ್ಗಿ ನಡೆಯುತ್ತಾರೆ. ಇಲ್ಲೇನೂ ಇಲ್ಲ ಎಂದು ನಾವೇ ಹೇಳಿದ ಜಾಗದಲ್ಲಿ ಅವರು ಬಾಟಲಿ ಎಸೆಯದೆ ಇನ್ನೇನು ಮಾಡಿಯಾರು?

ಹಳೇಬೀಡು–ಬೇಲೂರಿನ ಉದಾಹರಣೆ ತೆಗೆದುಕೊಂಡದ್ದು ನನಗೆ ಗೊತ್ತಿರುವ ನೆಲ ಎಂದು. ಬಾದಾಮಿ–ಪಟ್ಟದಕಲ್ಲಿನ ಕಡೆಯವರು, ಲಕ್ಕುಂಡಿಯ ಕಡೆಯವರು, ಬಳ್ಳಿಗಾವೆಯ ಕಡೆಯವರು ಇದನ್ನು ತಮ್ಮ ಊರಿನ ಹೆಸರಿಟ್ಟು ಓದಿಕೊಳ್ಳಬಹುದು.

ಈ ಪತ್ರಿಕೆಯನ್ನು ಮಡಿಸಿಟ್ಟು ಮನೆಗೆ ಹೋಗುವಾಗ ದಾರಿಯಲ್ಲಿ ಒಮ್ಮೆ ಕಣ್ಣು ಹಾಯಿಸಿ. ಬಟ್ಟೆ ಒಗೆಯುವ ಕಲ್ಲು, ಕಾಲುವೆಗೆ ಅಡ್ಡ ಹಾಕಿದ ಚಪ್ಪಡಿ, ಕಣದ ಮೂಲೆಯಲ್ಲಿ ಮಕಾಡೆ ಬಿದ್ದಿರುವುದು ಯಾವುದಾದರೂ ಇದ್ದರೆ ಮಣ್ಣು ಕೊಡವಿ ನೋಡಿ. ಸೂರ್ಯಚಂದ್ರರ ಗುರುತು ಕಂಡರೆ ಮನೆಯ ಮಗುವನ್ನು ಕರೆದು ತೋರಿಸಿ, ಅವನು ದನ ಕಾದವನೆಂದು ಹೇಳಿ. ನಾಳೆ ಯಾರಾದರೂ ಬಂದು “ಇಲ್ಲಿ ನೋಡುವಂಥದ್ದು ಏನಿದೆ?” ಎಂದು ಕೇಳಿದರೆ ಆ ಮಗುವೇ ಅವರನ್ನು ಕಲ್ಲಿನ ಬಳಿಗೆ ಕರೆದುಕೊಂಡು ಹೋಗುತ್ತದೆ.